ಸೈನ್ ಒತ್ತುವ ಮೊದಲು ಪರದೆಯ ಮೇಲ್ಭಾಗ ನೋಡಿ

"ಕ್ಯಾಲ್ಕುಲೇಟರನ್ನು ಯಾವಾಗಲೂ ಡಿಗ್ರಿಯಲ್ಲೇ ಇಡು, ಲೆಕ್ಕ ತಪ್ಪುವುದಿಲ್ಲ." ಸೀನಿಯರ್‌ಗಳು ಜೂನಿಯರ್‌ಗಳಿಗೆ ಕೊಡುವ ಈ ಸಲಹೆ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. ದ್ವಿತೀಯ ಪಿಯುಸಿ ಭೌತಶಾಸ್ತ್ರದ ಎರಡೇ ಲೆಕ್ಕ ನೋಡೋಣ.

ಒಂದು, ಲ್ಯಾಬಿನ ಪ್ರಿಸಂ ಪ್ರಯೋಗ. ಪ್ರಿಸಂ ಕೋನ 60 ಡಿಗ್ರಿ, ಕನಿಷ್ಠ ವಿಚಲನೆ 38 ಡಿಗ್ರಿ ಬಂತು ಎಂದುಕೊಳ್ಳಿ. ಕೂಡಿಸಿ ಅರ್ಧ ಮಾಡಿದರೆ 49. ಈಗ ಸೈನ್ 49 ಅನ್ನು ಸೈನ್ 30ರಿಂದ ಭಾಗಿಸಬೇಕು. ಡಿಗ್ರಿ ಮೋಡ್‌ನಲ್ಲಿ ಉತ್ತರ 1.51, ಗಾಜಿಗೆ ಒಪ್ಪುವ ವಕ್ರೀಭವನ ಸೂಚ್ಯಂಕ. ರೇಡಿಯನ್ ಮೋಡ್‌ನಲ್ಲಿ ಎರಡು ಸೈನ್‌ಗಳೂ ಋಣ ಸಂಖ್ಯೆಗಳು. ಭಾಗಿಸಿದಾಗ ಋಣ ಚಿಹ್ನೆ ಮಾಯವಾಗಿ 0.97 ಉಳಿಯುತ್ತದೆ. ಸೂಚ್ಯಂಕ 1ಕ್ಕಿಂತ ಕಡಿಮೆ ಎಂದರೆ ಗಾಜಿನೊಳಗೆ ಬೆಳಕು ಗಾಳಿಗಿಂತ ವೇಗವಾಗಿ ಓಡಿದಂತೆ! ಗಮನವಿಟ್ಟು ನೋಡುವವರು ಇಲ್ಲಿ ಎಚ್ಚೆತ್ತುಕೊಳ್ಳುತ್ತಾರೆ.

ನಿಜವಾದ ಅಪಾಯ ಇರುವುದು ಮೂರನೆಯ ಮೋಡ್‌ನಲ್ಲಿ, ಅಂದರೆ ಪರದೆಯ ಮೇಲೆ 'ಜಿ' ಎಂದು ತೋರಿಸುವ ಗ್ರೇಡಿಯನ್‌ನಲ್ಲಿ. ಲಂಬಕೋನವನ್ನು 90ರ ಬದಲು 100 ಭಾಗ ಮಾಡುವ ಈ ಅಳತೆ ಹುಟ್ಟಿದ್ದು ಫ್ರಾನ್ಸಿನಲ್ಲಿ, ದಶಮಾಂಶ ಪದ್ಧತಿ ಬಂದ ಕಾಲದಲ್ಲಿ. ನಮ್ಮ ಪಾಠಗಳಲ್ಲಿ ಇದರ ಬಳಕೆಯೇ ಇಲ್ಲ. ಆದರೆ ಮೋಡ್ ಬದಲಿಸುವಾಗ ಒಂದು ಅಂಕಿ ತಪ್ಪಿ ಒತ್ತಿದರೆ ನಾವು ಅಲ್ಲಿರುತ್ತೇವೆ. ಅದರಲ್ಲಿ ಇದೇ ಪ್ರಿಸಂನ ಉತ್ತರ 1.53! ಗಾಜಿಗೆ ಇದೂ ಒಪ್ಪುತ್ತದೆ. ಲೆಕ್ಚರರ್‌ಗೂ ಅನುಮಾನ ಬರುವುದಿಲ್ಲ, ರೆಕಾರ್ಡ್‌ಗೆ ಸಹಿ ಬೀಳುತ್ತದೆ, ತಪ್ಪು ಅಲ್ಲೇ ಉಳಿಯುತ್ತದೆ.

ಇನ್ನೊಂದು, ಎಸಿ ವಿದ್ಯುತ್ತಿನ ಲೆಕ್ಕ. ಮನೆಗೆ ಬರುವ 230 ವೋಲ್ಟ್‌ನ ಗರಿಷ್ಠ ಬೆಲೆ 325 ವೋಲ್ಟ್. ಆವರ್ತನ 50 ಹರ್ಟ್ಸ್, ಆದ್ದರಿಂದ ಒಮೆಗಾ 314. ಸಮಯ 0.005 ಸೆಕೆಂಡ್ ಆದಾಗ ಒಮೆಗಾ ಗುಣಿಸು ಸಮಯ 1.57. ರೇಡಿಯನ್‌ನಲ್ಲಿ ಸೈನ್ 1.57 ಎಂದರೆ ಹೆಚ್ಚುಕಡಿಮೆ 1, ವೋಲ್ಟೇಜ್ ಪೂರ್ತಿ 325. "ಯಾವಾಗಲೂ ಡಿಗ್ರಿ" ಎಂಬ ಸಲಹೆ ನಂಬಿದವರಿಗೆ ಸಿಗುವುದು 8.9 ವೋಲ್ಟ್. ಬೇಸಿಗೆಯಲ್ಲಿ ನಮ್ಮ ಕಾನಹೊಸಹಳ್ಳಿಯ ಫ್ಯಾನು ಎಷ್ಟೇ ನಿಧಾನ ತಿರುಗಿದರೂ ವೋಲ್ಟೇಜ್ ಅಷ್ಟು ಇಳಿದಿರಲಾರದು.

ಹಾಗಾಗಿ ಮೋಡ್ ಯಾವುದೆಂದು ಹೇಳಬೇಕಾದದ್ದು ಪ್ರಶ್ನೆ, ನಮ್ಮ ಅಭ್ಯಾಸವಲ್ಲ. ಪ್ರೊಟ್ರ್ಯಾಕ್ಟರ್ ಇಟ್ಟು ಅಳೆದ ಕೋನ, ಅಥವಾ ಸಂಖ್ಯೆಯ ತಲೆಯ ಮೇಲೆ ಚಿಕ್ಕ ಸೊನ್ನೆ ಇದ್ದರೆ ಡಿಗ್ರಿ. ಪೈ ಇದ್ದರೆ, ಒಮೆಗಾ ಇದ್ದರೆ, ಗುರುತೇ ಇಲ್ಲದ ಬರೀ ಸಂಖ್ಯೆ ಇದ್ದರೆ ರೇಡಿಯನ್. ವಿಲೋಮ ಟ್ಯಾನ್ 1 ಕೇಳಿದಾಗ 45 ಬಂತೋ 0.785 ಬಂತೋ ಎಂಬುದೂ ಇದೇ ಮಾತು.

ರೇಡಿಯನ್ ಎಂದರೆ ಪರೀಕ್ಷೆಗಾಗಿ ಹುಟ್ಟಿದ ಕಿರಿಕಿರಿ ಎಂದುಕೊಂಡವರಿಗೆ ಒಂದು ಮಾತು. ಆರ್ಯಭಟನ ಜ್ಯಾ ಕೋಷ್ಟಕದಲ್ಲಿ ತ್ರಿಜ್ಯ 3438. ಒಂದು ರೇಡಿಯನ್‌ನಲ್ಲಿರುವ ಕೋನದ ನಿಮಿಷಗಳೂ ಸುಮಾರು ಅಷ್ಟೇ. ಕಂಸವನ್ನೂ ತ್ರಿಜ್ಯವನ್ನೂ ಒಂದೇ ಅಳತೆಯಲ್ಲಿ ಹಿಡಿಯುವ ಯೋಚನೆ ಆಗಲೇ ಇತ್ತು. ಅದೇ ಜ್ಯಾ (ಜೀವಾ) ಅರಬ್ಬಿಗೆ ಹೋಗಿ ಜೈಬ್ ಆಗಿ, ಲ್ಯಾಟಿನ್‌ನಲ್ಲಿ ಸೈನಸ್ ಆಗಿ, ಇಂದು ನಮ್ಮ ಕ್ಯಾಲ್ಕುಲೇಟರಿನ ಗುಂಡಿಯ ಮೇಲೆ ಕೂತಿದೆ.

ಕೆಸಿಇಟಿ, ನೀಟ್, ಜೆಇಇ ಮೇನ್ ಯಾವುದರಲ್ಲೂ ಕ್ಯಾಲ್ಕುಲೇಟರ್ ಬಿಡುವುದಿಲ್ಲವಲ್ಲ, ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಆ ಪರೀಕ್ಷೆ ಪಾಸಾದ ಮೇಲೆ ಇಂಜಿನಿಯರಿಂಗ್ ಇರಲಿ, ಬಿಎಸ್ಸಿ ಇರಲಿ, ಕ್ಯಾಲ್ಕುಲೇಟರ್ ಇಲ್ಲದೆ ಲ್ಯಾಬ್ ನಡೆಯುವುದಿಲ್ಲ. ಕಂಪ್ಯೂಟರಿಗೆ ಹೋದರೆ ಎಕ್ಸೆಲ್‌ನ ಸೈನ್ ಕೂಡ ಕೋನವನ್ನು ರೇಡಿಯನ್ ಎಂದೇ ತಿಳಿಯುತ್ತದೆ. 30 ಕೊಟ್ಟರೆ ಮೈನಸ್ 0.988 ಎನ್ನುತ್ತದೆ. ಅಲ್ಲಿ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ.

ಲ್ಯಾಬಿನಲ್ಲಿ ಒಂದು ಕ್ಯಾಲ್ಕುಲೇಟರ್ ನಾಲ್ಕು ಕೈ ದಾಟುತ್ತದೆ. ಹಿಂದಿನ ಬ್ಯಾಚ್ ಯಾವ ಮೋಡ್‌ನಲ್ಲಿ ಬಿಟ್ಟಿದೆಯೋ ಯಾರಿಗೆ ಗೊತ್ತು? ಕೈಗೆ ಬಂದ ಕೂಡಲೇ ಸೈನ್ 30 ಒತ್ತಿ ನೋಡುವ ರೂಢಿ ಎಲ್ಲರಿಗೂ ಆಗಬೇಕು: 0.5 ಬಂದರೆ ಡಿಗ್ರಿ, ಮೈನಸ್ 0.988 ಬಂದರೆ ರೇಡಿಯನ್, 0.454 ಬಂದರೆ ಗ್ರೇಡಿಯನ್. ಲೆಕ್ಚರರ್‌ಗಳಲ್ಲಿ ನನ್ನ ವಿನಂತಿ ಇಷ್ಟೇ: ಪ್ರಥಮ ಪಿಯುಸಿಯಲ್ಲಿ ರೇಡಿಯನ್ ಪಾಠ ಮಾಡುವ ದಿನವೇ ಹತ್ತು ನಿಮಿಷ ಕ್ಯಾಲ್ಕುಲೇಟರ್ ಕೈಗೆ ಕೊಡಿ. ರೆಕಾರ್ಡ್‌ನಲ್ಲಿ ಲೆಕ್ಕದ ಮೇಲೆ "ಕೋನ: ಡಿಗ್ರಿ" ಅಥವಾ "ಕೋನ: ರೇಡಿಯನ್" ಎಂದು ಬರೆಯುವುದನ್ನು ಕಡ್ಡಾಯ ಮಾಡಿ. ಕ್ಯಾಸಿಯೊ ಎಫ್‌ಎಕ್ಸ್-82ಎಂಎಸ್ ಇರುವವರು ಮೋಡ್ ಗುಂಡಿ ಎರಡು ಸಲ ಒತ್ತಿ 1 ಒತ್ತಿದರೆ ಡಿಗ್ರಿ, 2 ಒತ್ತಿದರೆ ರೇಡಿಯನ್. 991ಇಎಸ್‌ನಲ್ಲಿ ಶಿಫ್ಟ್, ಮೋಡ್ ಒತ್ತಿ 3 ಅಥವಾ 4.