ಟೈಂಪಾಸ್ ಅನ್ನಬ್ಯಾಡ್ರಿ

"ಪರವಾಗಿಲ್ಲ, ಟೈಂಪಾಸ್‌ಗೆ ಓದಬಹುದು." ನಗಿಸುವ ಪ್ರೇಮಕತೆಗೆ ನಮ್ಮ ಓದುಗ ಕೊಡುವ ಸರ್ಟಿಫಿಕೇಟು ಇದು. ಮನಸ್ಸು ಇನ್ನಷ್ಟು ದೊಡ್ಡದು ಮಾಡಿದರೆ "ಮನೆಮಂದಿಯೆಲ್ಲ ಓದಬಹುದಾದ ಸ್ವಚ್ಛ ಕಾದಂಬರಿ" ಅಂತಾನೆ. ನಾಲ್ಕು ವಿಮರ್ಶೆ ಓದಿಕೊಂಡವನಾಗಿದ್ದರೆ "ಅದರಾಗೇನೈತಿ?" ಅಂತ ಮುಗಿಸಿಬಿಡ್ತಾನೆ. ಅಕ್ಕಪಕ್ಕದ ಮನೆಯ ಹುಡುಗ, ಹುಡುಗಿ. ಒಬ್ಬರ ಮಾರಿ ಕಂಡರೆ ಒಬ್ಬರಿಗೆ ಆಗದು. ನೀರಿಗೊಂದು ಜಗಳ, ಸದ್ದಿಗೊಂದು ಜಗಳ, ಕೊನೆಗೆ ಮದುವೆ. ಇಂಥ ಕಾದಂಬರಿಗಳ ಬಗ್ಗೆ ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲಿ, ನಮ್ಮ ಹಾರೂಗೇರಿ ಕ್ರಾಸಿನ ಚಾದಂಗಡಿಯಲ್ಲಿ, ಪುಸ್ತಕ ಬಿಡುಗಡೆಯ ಉಪ್ಪಿಟ್ಟಿನ ಸಾಲಿನಲ್ಲಿ ನಾನು ಕೇಳಿದ ಅಭಿಪ್ರಾಯಗಳು ಬಹುಮಟ್ಟಿಗೆ ಇವೇ. ಮೂರರ ಮೇಲೂ ನನಗೆ ತಕರಾರು ಐತಿ.

ಮೊದಲು ಟೈಂಪಾಸ್ ಮಂದಿ. ಇವರನ್ನು "ಗಣೇಶನ ಮದುವೆ ನೋಡೀರೇನು?" ಅಂತ ಕೇಳಿ ನೋಡಿ. ಮಾರಿ ಅರಳುತ್ತದೆ. 1990ರ ಸಿನಿಮಾ, ಫಣಿ ರಾಮಚಂದ್ರ ಅವರ ನಿರ್ದೇಶನ, ಅನಂತನಾಗ್ ಮತ್ತು ವಿನಯಾ ಪ್ರಸಾದ್. ಒಂದೇ ವಠಾರದಲ್ಲಿ ಹಾವು ಮುಂಗುಸಿ ಹಾಗೆ ಇರೋ ಇಬ್ಬರು. ಹುಡುಗ ಮುಖ ನೋಡದೇ ಒಬ್ಬ ಗಾಯಕಿಯ ದನಿಗೆ ಮನಸೋತಿರುತ್ತಾನೆ. ಆ ಗಾಯಕಿ ವಠಾರದ ಇದೇ ಜಗಳಗಂಟಿ ಅನ್ನೋದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅಷ್ಟೇ ಕತೆ. ಟಿವಿಯಲ್ಲಿ ಬಂದಾಗೆಲ್ಲ ಜನ ಚಾನೆಲ್ ಬದಲಿಸದೆ ಕೂರುತ್ತಾರೆ, ಮುಂದಿನ ಡೈಲಾಗನ್ನು ತಾವೇ ಮೊದಲು ಹೇಳಿ ನಗುತ್ತಾರೆ. ಅದು ಅವರಿಗೆ "ಕ್ಲಾಸಿಕ್". ಅದು ಮಲ್ಲಾದಿ ವೆಂಕಟ ಕೃಷ್ಣಮೂರ್ತಿಯವರ ತೆಲುಗು ಕಾದಂಬರಿಯಿಂದ ಬಂದದ್ದು ಅಂದರೆ "ಹೌದಾ?" ಅಂತಾರೆ. 1995ರ "ಬೆಳದಿಂಗಳ ಬಾಲೆ"ಯೂ ಹಂಗೇ. ದನಿಯೊಂದೇ ಕೇಳಿಸುವ ಹುಡುಗಿಯ ಆ ಕತೆ ಯಂಡಮೂರಿ ವೀರೇಂದ್ರನಾಥರ ಕಾದಂಬರಿ, ಸುನೀಲ್ ಕುಮಾರ್ ದೇಸಾಯಿ ಸಿನಿಮಾ ಮಾಡಿದರು. ಪರದೆಯ ಮೇಲೆ ಮೂವತ್ತು ವರ್ಷ ಬಾಳಿಕೆ ಬಂದ ಸರಕು ಕಾಗದದ ಮೇಲೆ ಮಾತ್ರ ಟೈಂಪಾಸ್ ಹೆಂಗ ಆಗತೈತ್ರೀ? ಅನಂತನಾಗ್ ಮುಖದಲ್ಲಿ ಕಂಡ ಕಸುಬು ಬರೆದವನ ಕೈಯಲ್ಲಿ ಯಾಕೆ ಕಾಣಲಿಲ್ಲ?

ನಾನು ಸಾಫ್ಟ್‌ವೇರ್ ಕೆಲಸದವನು, ಸಾಹಿತ್ಯದ ಎಂಎ ಮಾಡಿದವನಲ್ಲ. ಆದರೆ ಒಂದು ಗೊತ್ತು. ಬಳಸುವವ "ಭಾಳ ಸರಳ ಐತಿ ಬಿಡ್ರಿ" ಅಂದರೆ ಅದರ ಹಿಂದೆ ಯಾರೋ ನಾಲ್ಕು ರಾತ್ರಿ ನಿದ್ದೆಗೆಟ್ಟಿರುತ್ತಾರೆ. ಇಬ್ಬರನ್ನು ಮುನ್ನೂರು ಪುಟ ಜಗಳಾಡಿಸಬೇಕು, ಒಂದು ಜಗಳವೂ ಹಿಂದಿನದರ ಹಾಗೆ ಇರಬಾರದು, ಇಬ್ಬರಲ್ಲಿ ಯಾರೂ ಕೆಟ್ಟವರಾಗಬಾರದು, ಓದುವವಗೆ ಇವರು ಒಂದಾಗಲಿ ಅನ್ನಿಸುತ್ತಲೇ ಇರಬೇಕು. ಕುಂತು ಬರೆದು ನೋಡಿ.

"ಅದರಾಗೇನೈತಿ?" ಅನ್ನುವವರಿಗೆ ಎರಡು ಹಳೇ ಉದಾಹರಣೆ. ಜೇನ್ ಆಸ್ಟಿನ್ 1813ರಲ್ಲಿ "ಪ್ರೈಡ್ ಅಂಡ್ ಪ್ರಿಜುಡಿಸ್" ಪ್ರಕಟಿಸಿದಾಗ ಪುಸ್ತಕದ ಮೇಲೆ ತನ್ನ ಹೆಸರು ಹಾಕಲಿಲ್ಲ. ಯುರೋಪಿನಲ್ಲಿ ನೆಪೋಲಿಯನ್ ಯುದ್ಧ ನಡೆದಿತ್ತು, ಈಕೆ ಪಕ್ಕದ ಬಂಗಲೆಗೆ ಬಾಡಿಗೆಗೆ ಬಂದ ಶ್ರೀಮಂತ ಹುಡುಗ, ಅವನ ಜಂಬದ ಗೆಳೆಯ, ಗಂಡು ಹುಡುಕುವ ಒಬ್ಬ ತಾಯಿ, ಇಷ್ಟು ಇಟ್ಟುಕೊಂಡು ಬರೆದಳು. ಇನ್ನೊಂದು, ಹಂಗೇರಿಯ ಮಿಕ್ಲೋಶ್ ಲಾಸ್ಲೋ 1937ರಲ್ಲಿ ಬರೆದ ನಾಟಕ. ಒಂದೇ ಅಂಗಡಿಯಲ್ಲಿ ದಿನವೂ ಕಚ್ಚಾಡುವ ಇಬ್ಬರು, ಹೆಸರಿಲ್ಲದ ಕಾಗದಗಳಲ್ಲಿ ಪರಸ್ಪರ ಪ್ರೀತಿಸುತ್ತಿರುತ್ತಾರೆ. ಜರ್ಮನಿ ಪೌರತ್ವ ಕಿತ್ತುಕೊಂಡ ಯಹೂದಿ ನಿರ್ದೇಶಕ ಅರ್ನ್ಸ್ಟ್ ಲೂಬಿಚ್ ಅದನ್ನು ಅಮೆರಿಕದಲ್ಲಿ ಸಿನಿಮಾ ಮಾಡಿದ. ತೆರೆಗೆ ಬಂದದ್ದು 1940ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಈ ಮಂದಿಗೆ ಜಗತ್ತಿನ ಭಾರ ಗೊತ್ತಿರಲಿಲ್ಲ ಅಂತ ಹೇಳ್ತೀರೇನು?

ನಮ್ಮಲ್ಲಿ ಈ ತಾತ್ಸಾರಕ್ಕೆ ಇನ್ನೊಂದು ಬೇರು ಐತಿ. ಇದನ್ನು ಓದುವವರು ಹೆಣ್ಣುಮಕ್ಕಳು ಅನ್ನೋದು. ಮಹಿಳೆಯರು ಬರೆದದ್ದಕ್ಕೆ "ಅಡುಗೆಮನೆ ಸಾಹಿತ್ಯ" ಅಂತ ಹೆಸರಿಟ್ಟು ಕೈತೊಳೆದುಕೊಂಡ ಕಾಲವೊಂದಿತ್ತು. ನಮ್ಮ ಪಕ್ಕದ ಗೋಕಾಕದಲ್ಲಿ ಮಾಸ್ತರರಾಗಿದ್ದ ಕೃಷ್ಣಮೂರ್ತಿ ಪುರಾಣಿಕರನ್ನು ತಗೊಳ್ಳಿ. "ಸನಾದಿ ಅಪ್ಪಣ್ಣ" ಅವರ ಕತೆ, ಅವರ ಸಂಸಾರದ ಕಾದಂಬರಿಗಳು ಈ ಭಾಗದ ಮನೆಮನೆಯಲ್ಲಿ ಕೈಬದಲಿ ಓಡಾಡಿ ರಟ್ಟು ಹರಿದವು. ಇವತ್ತು ಸಾಹಿತ್ಯದ ಭಾಷಣಗಳಲ್ಲಿ ಅವರ ಹೆಸರು ಎಷ್ಟು ಸಲ ಬರತೈತಿ, ನೀವೇ ಲೆಕ್ಕ ಹಾಕಿ.

ನಮ್ಮ ವೈನಿ ಓದೋದು ರಾತ್ರಿ, ಎಮ್ಮೆ ಹಿಂಡಿ, ಭಾಂಡೆ ತಿಕ್ಕಿ, ಅಣ್ಣ ಕಬ್ಬಿನ ಗದ್ದೆಗೆ ನೀರು ಹಾಯಿಸಲು ಹೋದ ಮೇಲೆ. ತ್ರೀಫೇಸ್ ಕರೆಂಟು ಬರೋದು ರಾತ್ರಿ ಪಾಳಿ ಇದ್ದರೆ ಆಕೆಗೆ ಎರಡು ತಾಸು ಸಿಗುತ್ತದೆ. ಹತ್ತನೇತ್ತಾ ಪಾಸು, ಹದಿನೆಂಟಕ್ಕೆ ಮದುವೆ. ನಾನು ಬೆಂಗಳೂರಿಂದ ಹೋಗುವಾಗ ಒಂದಷ್ಟು ಪುಸ್ತಕ ಒಯ್ಯುತ್ತೇನೆ. ಹೋದ ವರ್ಷ ಒಯ್ದದ್ದರಲ್ಲಿ ಪ್ರಶಸ್ತಿ ಬಂದ ಎರಡು ದಪ್ಪ ಕಾದಂಬರಿಗಳಿದ್ದವು, ಒಂದು ಪಕ್ಕದ ಮನೆಯವರ ಪ್ರೇಮದ ತಮಾಷೆ ಕಾದಂಬರಿಯೂ ಇತ್ತು. ಯಾವುದು ಚೊಲೊ ಅನಿಸಿತು ವೈನಿ ಅಂತ ಕೇಳಿದೆ. ತಮಾಷೆಯದನ್ನೇ ತೋರಿಸಿದರು. ಯಾಕೆ ಅಂದೆ.

"ಇದರಾಗ ಆಕಿ ಬಾಯಿ ಮಾಡ್ತಾಳ, ಯಾರೂ ಹೊಡಿಯಂಗಿಲ್ಲ ನೋಡು."

ಆ ಪುಸ್ತಕದ ಬಗ್ಗೆ ನಾನು ಓದಿದ, ಕೇಳಿದ ಯಾವ ಅಭಿಪ್ರಾಯವೂ ಇದರ ಹತ್ತಿರ ಬರಲಿಲ್ಲ. ಹುಡುಗಿ ಪಕ್ಕದ ಮನೆಯ ಗಂಡಸಿಗೆ ಎದುರು ಮಾತಾಡ್ತಾಳೆ, ಅಪ್ಪನಿಗೆ ಆಗಲ್ಲ ಅಂತಾಳೆ, ಬಾಗಿಲು ದಡ್ಡನೆ ಹಾಕ್ತಾಳೆ. ಮರುದಿನ ಎಲ್ಲರೂ ಮತ್ತೆ ಚಾ ಕುಡಿಯುತ್ತಾರೆ. ನಮಗೆ ಇದು ಹಗುರವಾಗಿ ಕಾಣುವುದು ಯಾಕೆಂದರೆ ಬಾಯಿ ಮಾಡಿ ಪೆಟ್ಟು ತಿನ್ನುವ ಪಾಳಿ ನಮ್ಮದಲ್ಲ.

"ಕೊನೆ ಮೊದಲೇ ಗೊತ್ತಾಗ್ತದ" ಅಂತ ಗೊಣಗುವವರಿಗೆ ನಾನು ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನು ನೆನಪು ಮಾಡ್ತೀನಿ. ಕುಲಗೋಡ ತಮ್ಮಣ್ಣನಂಥವರು ಬೆಳೆಸಿದ, ಕೌಜಲಗಿ ನಿಂಗಮ್ಮ ಹೆಸರು ಮಾಡಿದ ಆಟ. ಬೆಳತನಕ ನಡೆಯುವ ಈ ಆಟದಲ್ಲಿ ಏನೈತಿ? ರುಕ್ಮಿಣಿಗೊಂದು ಹೂವು ಸಿಕ್ಕಿತು, ಸತ್ಯಭಾಮೆಗೆ ಸಿಟ್ಟು ಬಂತು, ಕೃಷ್ಣ ನಡುವೆ ಸಿಕ್ಕು ಒದ್ದಾಡಿದ. ಪುರಾಣದ ಇನ್ನೊಂದು ಮಾತು ಕೇಳಿ. ಪಾರಿಜಾತದ ಗಿಡ ನೆಟ್ಟದ್ದು ಸತ್ಯಭಾಮೆಯ ಅಂಗಳದಲ್ಲಿ, ಹೂವು ಉದುರಿದ್ದು ರುಕ್ಮಿಣಿಯ ಅಂಗಳದಲ್ಲಿ. ಪಕ್ಕದ ಮನೆಯ ನುಗ್ಗಿ ಗಿಡ ನಮ್ಮ ಕಂಪೌಂಡಿನೊಳಗೆ ಬಾಗಿ ಎರಡು ಮನೆ ನಡುವೆ ಮಾತು ಬಿಟ್ಟದ್ದನ್ನು ಕಂಡವರಿಗೆ ಈ ಜಗಳ ದೇವಲೋಕದ್ದು ಅನ್ನಿಸುವುದಿಲ್ಲ. ಕೊನೆ ಎಲ್ಲರಿಗೂ ಗೊತ್ತಿದ್ದೇ ಜನ ಕಂಬಳಿ ಹೊದ್ದು ಬಂದು ಬೆಳಗಿನವರೆಗೆ ಕೂರುತ್ತಿದ್ದರು. ಅವರನ್ನು ಯಾರೂ ಟೈಂಪಾಸ್‌ಗೆ ಬಂದವರು ಅನ್ನಲಿಲ್ಲ.

ಈಗ ನನಗೆ ಹೆಚ್ಚು ಸಿಟ್ಟು ಬರುವ ಅಭಿಪ್ರಾಯಕ್ಕೆ ಬರ್ತೀನಿ. "ಸ್ವಚ್ಛ."

ಏನು ಸ್ವಚ್ಛ? ಚುಂಬನ ಇಲ್ಲ, ಅಷ್ಟೇನಾ? ಸ್ವಲ್ಪ ಕೆದಕಿ ನೋಡಿದರೆ ಈ ಮೆಚ್ಚುಗೆಯ ಅಡಿಯಲ್ಲಿ ಬೇರೆಯೇ ಒಂದು ನೆಮ್ಮದಿ ಇರುತ್ತದೆ. ಈ ಕತೆಗಳಲ್ಲಿ "ಒಬ್ಬರಿಗೊಬ್ಬರು ಸರಿಹೊಂದದ" ನೆರೆಹೊರೆಯವರು ಅಂದರೆ ಒಬ್ಬ ಶಿಸ್ತಿನವ, ಇನ್ನೊಬ್ಬಳು ಅಸ್ತವ್ಯಸ್ತ. ಒಬ್ಬನಿಗೆ ಮೌನ ಬೇಕು, ಇನ್ನೊಬ್ಬಳಿಗೆ ಹಾಡು. ಅಷ್ಟೇ. ಜಾತಿ ಮಾತ್ರ ಹೇಳದೆಯೇ ಹೊಂದಿಕೊಂಡಿರುತ್ತದೆ. ಅಡ್ಡಿ ಏನಿದ್ದರೂ ತಪ್ಪು ತಿಳಿವಳಿಕೆ. ಕೊನೇ ಅಧ್ಯಾಯದಲ್ಲಿ ಅದು ಬಗೆಹರಿದ ಮೇಲೆ ಹಿರಿಯರು "ಅಯ್ಯೋ, ಮೊದಲೇ ಹೇಳಬಾರದೇನೊ!" ಅಂತ ಅಕ್ಷತೆ ಹಾಕುತ್ತಾರೆ. ಮನೆಮಂದಿಯೆಲ್ಲ ಓದಬಹುದು, ಯಾಕಂದರೆ ಮನೆಮಂದಿಗೆ ಮುಜುಗರ ಆಗುವಂಥದ್ದನ್ನು ಬಾಗಿಲಲ್ಲೇ ತಡೆದಿರುತ್ತಾರೆ.

ನಮ್ಮ ಹಾರೂಗೇರಿಯಂಥ ಊರಲ್ಲಿ ಸರಿಹೊಂದದವರು ನೆರೆಹೊರೆಯವರೇ ಆಗುವುದಿಲ್ಲ, ಓಣಿಗಳು ಅದನ್ನು ಮೊದಲೇ ನೋಡಿಕೊಂಡಿರುತ್ತವೆ. ಹೊಸದಾಗಿ ಎದ್ದ ಪ್ಲಾಟುಗಳಲ್ಲಿ ಬ್ಯಾಂಕಿನವರು, ಮಾಸ್ತರರು, ಸಕ್ಕರೆ ಕಾರ್ಖಾನೆಯವರು ಬಾಡಿಗೆಗೆ ಬರುತ್ತಾರೆ. ಅಲ್ಲೂ ಕೀಲಿಕೈ ಕೊಡುವ ಮೊದಲು ಒಂದು ಪ್ರಶ್ನೆ, "ನೀವು ಯಾವ ಪೈಕಿ ರೀ?" ಬೆಂಗಳೂರಿನಲ್ಲಿ ಇದೇ ಪ್ರಶ್ನೆ ಇಂಗ್ಲಿಷ್ ಕಲಿತು "ವೆಜ್ ಓನ್ಲಿ" ಅಂತ ಗೇಟಿಗೆ ನೇತಾಡುತ್ತದೆ. ನಾನು ಬಾಡಿಗೆ ಮನೆ ಹುಡುಕಿದ ದಿನಗಳಲ್ಲಿ ಮಾಲೀಕರೊಬ್ಬರು ನನ್ನ ಸಂಬಳದ ಚೀಟಿಗಿಂತ ನನ್ನ ಅಡ್ಡಹೆಸರನ್ನೇ ಹೆಚ್ಚು ಹೊತ್ತು ನೋಡಿದ್ದರು.

ನೆರೆಯವರ ಪ್ರೀತಿ ನಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನೋದು ದೇಶಕ್ಕೆಲ್ಲ ಗೊತ್ತಾಗಿದೆ. 2023ರ ಡಿಸೆಂಬರ್, ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿ. ಒಂದೇ ಊರಿನ ಹುಡುಗ, ಹುಡುಗಿ ಕೂಡಿ ಊರು ಬಿಟ್ಟು ಹೋದರು. ಹುಡುಗಿಯ ಕಡೆಯವರು ರಾತ್ರೋರಾತ್ರಿ ಹುಡುಗನ ತಾಯಿಯನ್ನು ಮನೆಯಿಂದ ಎಳೆದು ತಂದು, ಬೆತ್ತಲೆ ಮಾಡಿ, ಕರೆಂಟಿನ ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟು ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು. ನೋಡುತ್ತ ನಿಂತಿದ್ದವರ ಬಗ್ಗೆಯೂ ಕಟುವಾಗಿ ಮಾತಾಡಿತು. ನೋಡುತ್ತ ನಿಂತಿದ್ದವರು ಅಂದರೆ ಯಾರು? ಅಕ್ಕಪಕ್ಕದವರು.

ಇಲ್ಲಿ ವಿಮರ್ಶೆ ಓದಿಕೊಂಡ ಗೆಳೆಯರು ಎದ್ದು ನಿಲ್ಲುತ್ತಾರೆ. "ನೋಡಿದ್ಯಾ? ಅದಕ್ಕೇ ನಾವು ಹೇಳೋದು, ವಾಸ್ತವ ಬೇಕು, ನಗೆ ಬೇಡ." ವಾಸ್ತವ ಅಂದರೆ ಇವರ ಲೆಕ್ಕದಲ್ಲಿ ಕೊನೆಗೆ ಹೆಣ ಬೀಳಬೇಕು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟರು ಅನ್ನುವ ಕತೆಯನ್ನು ನಾವು ಎಷ್ಟು ಸಲ ನಾಟಕ ಆಡಿಲ್ಲ! ಪ್ರತಿ ಸಲವೂ ಜೋರಾಗಿ ಕೇಳಿಸುವುದು ಎಳೆಹೂಟೆಯ ಶಿಕ್ಷೆ. ಆ ಹುಡುಗ ಹುಡುಗಿ ಒಬ್ಬರಿಗೊಬ್ಬರು ಏನು ಮಾತಾಡಿಕೊಂಡರು, ಅಡುಗೆಯ ಖಾರಕ್ಕೆ ಜಗಳ ಆಡಿದರೋ ಇಲ್ಲವೋ, ಯಾರಿಗೂ ಬೇಕಾಗಿಲ್ಲ. 2016ರಲ್ಲಿ ಮರಾಠಿಯ "ಸೈರಾಟ್" ಬಂದಾಗ ನಮ್ಮ ಗಡಿಯ ಹುಡುಗರು ಮಿರಜಿಗೆ, ಸಾಂಗಲಿಗೆ ಹೋಗಿ ನೋಡಿದರು. ಮೊದಲರ್ಧದಲ್ಲಿ ಕುಣಿದರು, ಕೊನೆಗೆ ಅತ್ತರು. ಹಿರಿಯರೂ ಅತ್ತರು. ಮನೆಗೆ ಬಂದು ಕಣ್ಣು ಒರೆಸಿಕೊಂಡು, ಮಗಳಿಗೆ ಬಂದ ಪ್ರಸ್ತಾಪದ ಹುಡುಗನ ಒಳಪಂಗಡ ವಿಚಾರಿಸಿದರು. ದುರಂತ ನೋಡಿ ಅಳುವುದರಲ್ಲಿ ಒಂದು ಸೌಕರ್ಯ ಐತಿ. "ನೋಡು, ಮೇರೆ ಮೀರಿದರೆ ಹಿಂಗಾಗತೈತಿ" ಅನ್ನುವ ಪಾಠವನ್ನೂ ಅದರಿಂದ ತಗೋಬಹುದು. ನಾಗರಾಜ ಮಂಜುಳೆ ಅವರು ಆ ಪಾಠ ಹೇಳಲು ಸಿನಿಮಾ ಮಾಡಲಿಲ್ಲ, ಆದರೆ ನಮ್ಮೂರ ಅಪ್ಪಂದಿರು ಅದನ್ನೇ ತಗೊಂಡರು. ಅಂಥ ಜೋಡಿ ಬದುಕಿ, ಮನೆ ಮಾಡಿ, ಅತ್ತೆಯ ಜೊತೆ ಜಗಳ ಆಡಿ, ಆರು ತಿಂಗಳಿಗೆ ಅದೇ ಅತ್ತೆಯ ಜೊತೆ ಸೀರೆ ಕೊಳ್ಳಲು ಹೋಗುವ ಕತೆಯಿಂದ ಯಾವ ಅಪ್ಪನೂ ಆ ಪಾಠ ತೆಗೆಯಲಾರ.

ಹಂಗಾಗಿ ನನ್ನ ಬೇಡಿಕೆ ಸಣ್ಣದು. ಹಗುರವಾದದ್ದೇ ಬರೀರಿ, ಆದರೆ ನಿಜಕ್ಕೂ ಹೊಂದಿಕೆಯಾಗದವರನ್ನು ಅಕ್ಕಪಕ್ಕ ಕೂಡಿಸಿ ಬರೀರಿ. ಸಿನಿಮಾದಲ್ಲಿ ನಗಿಸಲಿಕ್ಕೆ ಮಾತ್ರ ಕರೆಸುವ ನಮ್ಮ ಭಾಷೆಯಲ್ಲಿ ನಾಯಕಿಯೂ ಒಮ್ಮೆ ಪ್ರೀತಿಯ ಮಾತಾಡಲಿ. ಸರಕು ಬೇಕಾದರೆ ನಾನು ಕೊಡ್ತೀನಿ. ವಿಶೇಷ ವಿವಾಹ ಕಾಯ್ದೆ, 1954. ಬೇರೆ ಬೇರೆ ಧರ್ಮದವರು, ಶಾಸ್ತ್ರ ಬೇಡ ಅನ್ನುವವರು ಹೋಗಿ ಮದುವೆಯಾಗುವ ಕಾನೂನು. ಅದರ ಪ್ರಕಾರ ಮೊದಲು ನೋಟಿಸು ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸುತ್ತಾರೆ, 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನಿಜಜೀವನದಲ್ಲಿ ಈ ಮೂವತ್ತು ದಿನ ಎಷ್ಟೋ ಜೋಡಿಗಳಿಗೆ ಜೀವಭಯದ ದಿನ. ಅದನ್ನೇ ಒಂದು ತಮಾಷೆ ಕಾದಂಬರಿಯ ಮೂವತ್ತು ಅಧ್ಯಾಯ ಮಾಡಿ. ಬೇರೆ ಕೆಲಸಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದ ಪಕ್ಕದ ಮನೆ ಕಾಕಾ ಗೋಡೆಯ ಮೇಲೆ ಆ ಹಾಳೆ ನೋಡಲಿ. ಚಾಳಸಿ ಮನೆಯಲ್ಲಿ ಮರೆತು ಬಂದಿರೋದರಿಂದ ಅರ್ಧ ಹೆಸರು ಮಾತ್ರ ಓದಲಿ, ತಪ್ಪು ಮನೆಗೆ ಹೋಗಿ ಸುದ್ದಿ ಹೇಳಲಿ. ಆ ಮನೆಯವರು ಇಲ್ಲದ ಪ್ರೇಮಕ್ಕೆ ಮಗನಿಗೆ ಬೈಯಲಿ. ಹತ್ತನೇ ದಿನಕ್ಕೆ ಓಣಿಯ ಹೆಣ್ಣುಮಕ್ಕಳಿಗೆಲ್ಲ ನಿಜ ಗೊತ್ತಾಗಿ, ಗಂಡಸರಿಗೆ ಗೊತ್ತಾಗದಂತೆ ನೋಡಿಕೊಳ್ಳಲಿ. ಹುಡುಗಿಯ ಅಪ್ಪ ಆಕ್ಷೇಪಣೆ ಬರೆಯಲು ಹೊರಟಾಗ ಊರಲ್ಲಿ ಕನ್ನಡದಲ್ಲಿ ಅರ್ಜಿ ಚೊಲೊ ಬರೆಯುವವನು ಆ ಹುಡುಗ ಒಬ್ಬನೇ ಆಗಿರಲಿ. ಮೂವತ್ತನೇ ದಿನ ಕಬ್ಬಿನ ಟ್ರ್ಯಾಕ್ಟರ್ ಡಬಲ್ ಟ್ರೇಲರ್ ಸಮೇತ ಕ್ರಾಸಿನಲ್ಲಿ ಪಲ್ಟಿಯಾಗಿ, ಆಕ್ಷೇಪಣೆ ಕೊಡಲು ಹೊರಟವರೂ ಸಹಿ ಮಾಡಲು ಹೊರಟವರೂ ಒಂದೇ ಬಸ್ಸಿನಲ್ಲಿ ಸಿಕ್ಕಿಕೊಳ್ಳಲಿ, ಕಂಡಕ್ಟರನಿಗೆ ಎರಡೂ ಕಡೆಯವರು ಟಿಕೀಟು ನಾವು ತೆಗಿತೀವಿ ಅಂತ ಜಗಳಕ್ಕೆ ಬೀಳಲಿ.

ಓದಿದ ಮೇಲೆ ಯಾರಾದರೂ ಅದನ್ನು ಟೈಂಪಾಸ್ ಅಂದರೆ ಅವರಿಗೆ ನಾನು ಉತ್ತರ ಕೊಡೋದಿಲ್ಲ, ಆ ಬಸ್ಸಿನಲ್ಲಿ ಕೂತ ಹೆಣ್ಣುಮಕ್ಕಳೇ ಕೊಟ್ಟಿರುತ್ತಾರೆ.