ಚಿತ್ರಶಾಲೆಯಲ್ಲಿ ಮತಾಧಿಕಾರ

1914ರ ಮಾರ್ಚ್ 10ರಂದು ಮೇರಿ ರಿಚರ್ಡ್‌ಸನ್ ಎಂಬವರು ಲಂಡನ್ನಿನ ನ್ಯಾಷನಲ್ ಗ್ಯಾಲರಿಯನ್ನು ಹೊಕ್ಕು ವೆಲಾಸ್ಕೆಸನ ವೀನಸ್ ಚಿತ್ರವನ್ನು ಮಚ್ಚಿನಿಂದ ಸೀಳಿದರು. ಸ್ತ್ರೀಯರ ಮತಾಧಿಕಾರಕ್ಕಾಗಿ ಹೋರಾಡುತ್ತಿದ್ದ ನಾಯಕಿ ಎಮ್ಮಲಿನ್ ಪ್ಯಾಂಕ್‌ಹರ್ಸ್ಟರ ಬಂಧನವನ್ನು ಪ್ರತಿಭಟಿಸಿ ಎಸಗಿದ ಕೃತ್ಯವದು. ಅದನ್ನು ಮೆಚ್ಚುವುದು ಕಷ್ಟ. ಆದರೆ ಅದೇ ನಗರದ ಸಂಗ್ರಹಾಲಯಗಳು ಇಂದು ಆ ಹೋರಾಟದ ಪತಾಕೆ ಪದಕಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆರೆಸುತ್ತಿವೆ. ಇದು ಸಂತೋಷದ ಸಂಗತಿಯೇ.

ಎಮ್ಮಲಿನ್ನರ ಪುತ್ರಿ ಸಿಲ್ವಿಯಾ ಚಿತ್ರಕಲೆಯನ್ನು ಕ್ರಮವಾಗಿ ಕಲಿತವರು. ಚಳವಳಿಗೆ ಪತಾಕೆಗಳನ್ನೂ ಸೆರೆವಾಸದ ಪದಕವನ್ನೂ ರೂಪಿಸಿಕೊಟ್ಟವರು. 1907ರಲ್ಲಿ ಅವರು ಇಂಗ್ಲೆಂಡು ಸ್ಕಾಟ್ಲೆಂಡುಗಳಲ್ಲಿ ಸಂಚರಿಸಿ, ನೂಲಿನ ಗಿರಣಿಗಳಲ್ಲಿಯೂ ಹೊಲಗಳಲ್ಲಿಯೂ ದುಡಿಯುತ್ತಿದ್ದ ಹೆಂಗಸರನ್ನು ಅವರ ಕೆಲಸದ ಎಡೆಯಲ್ಲಿಯೇ ಚಿತ್ರಿಸಿದರು. ಅಂಥ ಚಿತ್ರಗಳನ್ನು ಟೇಟ್ ಬ್ರಿಟನ್ 2013ರಲ್ಲಿ ಪ್ರದರ್ಶಿಸಿತು. ಪತಾಕೆಗಿಂತ ಈ ಚಿತ್ರಗಳೇ ಹೆಚ್ಚು ಮಾತನಾಡುತ್ತವೆ.

2018ರ ಶತಮಾನೋತ್ಸವ ಪ್ರದರ್ಶನಗಳು 1918ರ ಶಾಸನವನ್ನು ಕೊಂಡಾಡಿದವು. ಆ ಶಾಸನ ಮತ ನೀಡಿದುದಾದರೂ ಯಾರಿಗೆ? 30 ವರ್ಷ ತುಂಬಿದ, ಅದರಲ್ಲಿಯೂ ಆಸ್ತಿಯ ನಿಯಮಕ್ಕೆ ಒಳಪಟ್ಟ ಸ್ತ್ರೀಯರಿಗೆ. 21ರ ಪುರುಷನಿಗಿದ್ದ ಹಕ್ಕು ಗಿರಣಿಯ ತರುಣಿಗೆ ದೊರೆತುದು 1928ರಲ್ಲಿ. ಹಬ್ಬದ ಮನೆಯಲ್ಲಿ ಈ ಲೆಕ್ಕವೇಕೆ ಎನ್ನುವವರುಂಟು. ಹಬ್ಬಕ್ಕೆ ಕರೆಯದೆ ಬಿಟ್ಟವರ ಲೆಕ್ಕವಿದು. ಸಿಲ್ವಿಯಾರ ಚಿತ್ರಗಳನ್ನು ತೂಗುಹಾಕುವ ಗೋಡೆಯ ಮೇಲೆ ಆ ಎರಡು ಇಸವಿಗಳನ್ನೂ ದಪ್ಪಕ್ಷರದಲ್ಲಿ ಬರೆಯಿಸುವುದು ಯುಕ್ತ.