ಯೋಗವೂ ಕ್ಷೇಮವೂ

ಹಿಂದಿನ ಕಾಲದ ಪತ್ರಗಳಲ್ಲಿ "ನಿಮ್ಮ ಯೋಗಕ್ಷೇಮಕ್ಕೆ ಬರೆಯಿಸುತ್ತಿರಬೇಕು" ಎಂದು ಬರೆಯುವ ಸಂಪ್ರದಾಯವಿದ್ದುದನ್ನು ನಮ್ಮ ವಾಚಕರಲ್ಲಿ ಹಿರಿಯರು ಬಲ್ಲರು. ಈ ಶಬ್ದವನ್ನು ನಾವು ಒಂದೇ ಉಸುರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದರೊಳಗೆ ಎರಡು ಮಾತುಗಳು ಅಡಗಿರುವವು. ಇಲ್ಲದುದನ್ನು ಪಡೆಯುವದು ಯೋಗ. ಪಡೆದುದನ್ನು ಕಾಯ್ದುಕೊಳ್ಳುವದು ಕ್ಷೇಮ. ಮೂವತ್ತು ವರ್ಷಗಳಿಗೂ ಮಿಕ್ಕು ಈ ಸಮಾಸವನ್ನು ಹುಡುಗರಿಗೆ ಬಿಡಿಸಿ ಹೇಳಿದೆವು. ಆದರೆ ಅದರ ಉತ್ತರಪದದ ಅರ್ಥವು ನಮಗೇ ಮನಗಂಡದ್ದು, ನಿವೃತ್ತರಾದ ಮೇಲೆ, ಮಾವಿನ ರಸದ ಸೀಸೆಗಳಿಂದ.

ಈಗ 'ಕ್ರೌಡ್‌ಫಂಡಿಂಗ್' ಎಂಬ ಮಾತು ಎಲ್ಲೆಡೆಯಲ್ಲಿ ಕೇಳಿಬರುವದು. ನಮ್ಮ ಕಡೆಯ ಮಾತಿನಲ್ಲಿ ಅದು ವರ್ಗಣಿಯೇ ಸರಿ. ತೇರಿಗೆ, ನಾಟಕಕ್ಕೆ, ಶಾಲೆಯ ಕಟ್ಟಡಕ್ಕೆ ವರ್ಗಣಿ ಎತ್ತುವದು ನಮಗೆ ಹೊಸದಲ್ಲ. ಪರದೇಶದಲ್ಲಿಯೂ ಹೊಸದಲ್ಲ, ಇ.ಸ. ೧೮೮೫ರಲ್ಲಿ ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಯ ಪೀಠಕ್ಕೆ ಹಣ ಸಾಲದಾದಾಗ ಜೋಸೆಫ್ ಪುಲಿಟ್ಜರನು ತನ್ನ ಪತ್ರಿಕೆಯ ಮುಖಾಂತರ ಒಂದು ಲಕ್ಷಕ್ಕೂ ಹೆಚ್ಚು ಜನರಿಂದ ಒಂದು ಲಕ್ಷ ಡಾಲರುಗಳನ್ನು ಕೂಡಿಸಿದನು. ಇಂದು ಆ ಪತ್ರಿಕೆಯ ಸ್ಥಾನವನ್ನು ಅಂತರಜಾಲವು ಹಿಡಿದಿದೆ. ಅಮೇರಿಕೆಯ ಕಿಕ್‌ಸ್ಟಾರ್ಟರ್ ೨೦೦೯ರಲ್ಲಿಯೂ ಬೆಂಗಳೂರಿನ ಮಿಲಾಪ್ ೨೦೧೦ರಲ್ಲಿಯೂ ಪ್ರಾರಂಭವಾದವು. ೨೦೧೩ರಲ್ಲಿ ತೆರೆ ಕಂಡ ಪವನ್ ಕುಮಾರರ 'ಲೂಸಿಯಾ' ಚಿತ್ರವು ಪ್ರೇಕ್ಷಕರಿಂದಲೇ ಕೂಡಿಸಿದ ಹಣದಿಂದ ಸಿದ್ಧವಾದಾಗ ಕನ್ನಡಿಗರಿಗೂ ಈ ಮಾರ್ಗದ ಪರಿಚಯವಾಯಿತು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಅಂಕೋಲೆಯ ಹತ್ತಿರದ ಹಳ್ಳಿಯವನು. ಅವನ ಹಿತ್ತಿಲಲ್ಲಿ ಕರಿ ಇಶಾಡ ಮಾವಿನ ಮರಗಳಿವೆ. ೨೦೨೩ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ಹಣ್ಣಿನ ಸವಿಯನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಸಿಪ್ಪೆ ತೆಳು, ತಿರುಳು ಹೆಚ್ಚು. ಆದರೆ ಬಹು ದಿನ ತಾಳದು, ದೂರದ ಪ್ರಯಾಣವನ್ನು ಸಹಿಸದು. ಆದಕಾರಣ ರಸ ತೆಗೆದು ತುಂಬಿಡುವದೇ ಲೇಸೆಂದು ನಮ್ಮ ಶಿಷ್ಯನು ನಿಶ್ಚಯಿಸಿ, ೨೦೨೪ರ ಮಾವು ಬರುವದಕ್ಕೆ ಮೊದಲು ಅಂತರಜಾಲದಲ್ಲಿ ವರ್ಗಣಿ ಎತ್ತಿದನು. ಸಾವಿರ ರೂಪಾಯಿ ಕೊಟ್ಟವರಿಗೆ ಮಾವಿನ ರಸದ ನಾಲ್ಕು ಸೀಸೆಗಳೂ ಮುರುಗಲ ಪಾನಕದ ಎರಡು ಸೀಸೆಗಳೂ ಇದ್ದ ಒಂದು ಪೆಟ್ಟಿಗೆ. ನಾಲ್ಕು ನೂರು ಜನರು ಕೊಟ್ಟರು, ನಾಲ್ಕು ಲಕ್ಷವಾಯಿತು. ಅಂದು ಅವನು ಕಾರವಾರಕ್ಕೆ ಬಂದು ನಮಗೆ ಪೇಢೆ ಕೊಟ್ಟನು. ನಾವು ತಿಂದೆವು, ಬೆನ್ನು ಚಪ್ಪರಿಸಿದೆವು, ಉದ್ಯಮಶೀಲತೆಯ ವಿಷಯವಾಗಿ ನಾಲ್ಕು ಮಾತು ಉಪದೇಶಿಸಿದೆವು. ಲೆಕ್ಕವನ್ನು ಮಾತ್ರ ಕೇಳಲಿಲ್ಲ. ಆ ದೋಷ ನಮ್ಮದು.

ಅದೇ ವರ್ಷ ಆಷಾಢ ಮಾಸದ ಒಂದು ಸಂಜೆ ಅವನು ಮತ್ತೆ ಬಂದನು. ಈ ಸಾರೆ ಅವನ ಕೈಯಲ್ಲಿ ಕರವಸ್ತ್ರದ ಗಂಟಿತ್ತು. ಅದರೊಳಗೆ ಅವನ ತಾಯಿಯ ಎರಡು ಪಾಟ್ಲಿಗಳು.

"ಮಾಸ್ತರೇ, ಆಯಿ ತಾನೇ ತೆಗೆದು ಕೊಟ್ಟಳು. ಮಾರಿಬಿಡಲೇ?" ಎಂದನು.

"ತಮ್ಮಾ, ಮೊದಲು ವಹಿ ತೆಗೆ," ಎಂದೆವು.

ವಹಿಯೇ ಇರಲಿಲ್ಲ. ಆ ರಾತ್ರಿ ಕುಳಿತು ನಾವಿಬ್ಬರೂ ಬರೆದೆವು. ಜಾಲತಾಣದವರ ದಸ್ತೂರಿ ಮತ್ತು ಹಣ ಪಾವತಿಯ ಖರ್ಚು ೩೨,೦೦೦. ಹಣ್ಣು, ಸಕ್ಕರೆ, ಸೀಸೆ, ಕೂಲಿ ೧,೪೦,೦೦೦. ಪೆಟ್ಟಿಗೆಗೆ ೨೫೦ರಂತೆ ಸಾಗಣೆ ೧,೦೦,೦೦೦. ಉಳಿಯತಕ್ಕದ್ದು ೧,೨೮,೦೦೦. ಆದರೆ ನಮ್ಮ ಶಿಷ್ಯನು ನಾಲ್ಕು ಲಕ್ಷವೂ ತನ್ನದೇ ಎಂದು ಭಾವಿಸಿ, ಎಲ್ಲಕ್ಕೂ ಮೊದಲು ೨,೧೦,೦೦೦ ರೂಪಾಯಿಗಳ ಯಂತ್ರವನ್ನು ಕೊಂಡಿದ್ದನು. ಕೊರತೆ ೮೨,೦೦೦. ಅದರಲ್ಲಿ ಸೀಸೆಯವನಿಗೆ ಕೊಡತಕ್ಕದ್ದು ೨೭,೦೦೦. ಉಳಿದ ೫೫,೦೦೦, ಮನೆಯಲ್ಲಿಯೇ ಕುಳಿತಿದ್ದ ೨೨೦ ಪೆಟ್ಟಿಗೆಗಳ ಸಾಗಣೆಯದು. ೧೮೦ ಜನರಿಗೆ ಮುಟ್ಟಿತ್ತು. ೨೨೦ ಜನರು ದಾರಿ ನೋಡುತ್ತಿದ್ದರು.

ಅಷ್ಟರಲ್ಲಿ ದೈವವೂ ಮುನಿಯಿತು. ೨೦೨೪ರ ಜುಲೈ ೧೬ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯು ಅನೇಕ ದಿನ ಮುಚ್ಚಿತು. ಆಗಸ್ಟ್ ೭ರ ನಡುರಾತ್ರಿಯ ಮೇಲೆ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ಶಿರೂರಿನಲ್ಲಿ ಮನೆಯವರನ್ನು ಕಳೆದುಕೊಂಡವರ ದುಃಖದ ಮುಂದೆ ತಡವಾದ ಪೆಟ್ಟಿಗೆಗಳ ಮಾತು ಆಡುವದೇ ಸಂಕೋಚ. ಆದರೂ ಹೇಳಬೇಕಾದುದು ಇಷ್ಟು: ಗುಡ್ಡ ಕುಸಿಯದಿದ್ದರೂ ಆ ೨೨೦ ಪೆಟ್ಟಿಗೆಗಳು ಹೊರಡುತ್ತಿರಲಿಲ್ಲ. ಕೊರತೆಯು ವಹಿಯಲ್ಲಿತ್ತು, ಹೆದ್ದಾರಿಯಲ್ಲಿರಲಿಲ್ಲ.

ಇದು ನಮ್ಮ ಶಿಷ್ಯನೊಬ್ಬನ ಕಥೆಯಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮಾಲಿಕ್ ಎಂಬ ಪ್ರಾಧ್ಯಾಪಕರು ಕಿಕ್‌ಸ್ಟಾರ್ಟರಿನ ಉದ್ಯಮಗಳನ್ನು ಶೋಧಿಸಿ ೨೦೧೪ರಲ್ಲಿ ತಿಳಿಸಿದಂತೆ, ನೂರಕ್ಕೆ ೭೫ಕ್ಕೂ ಹೆಚ್ಚು ಉದ್ಯಮಗಳು ಹೇಳಿದ ಸಮಯಕ್ಕೆ ವಸ್ತುವನ್ನು ಮುಟ್ಟಿಸಲಿಲ್ಲ. ೨೦೧೫ರ ಅವರ ಮತ್ತೊಂದು ಶೋಧನೆಯಂತೆ ಮಾತು ಪೂರ್ತಿ ತಪ್ಪಿದವು ನೂರಕ್ಕೆ ೯ರಷ್ಟು. ತಡಮಾಡುವವರು ಬಹಳ, ವಂಚಿಸುವವರು ಕೆಲವರೇ ಎಂಬುದು ಸಮಾಧಾನದ ಮಾತು. ಆದರೆ ಹಣ ಹೆಚ್ಚು ಕೂಡಿದರೆ ಕ್ಷೇಮವೂ ಹೆಚ್ಚೆಂಬ ಭ್ರಮೆ ಬೇಡ. ಪೆಬಲ್ ಎಂಬ ಕೈಗಡಿಯಾರದ ಕಂಪನಿಯು ೨೦೧೨ರಲ್ಲಿ ಒಂದು ಕೋಟಿ ಡಾಲರುಗಳನ್ನೂ ೨೦೧೫ರಲ್ಲಿ ಎರಡು ಕೋಟಿಯನ್ನೂ ಮೀರಿ ಕೂಡಿಸಿತು; ೨೦೧೬ರಲ್ಲಿ ಬಾಗಿಲು ಮುಚ್ಚಿತು. ೨೦೧೪ರಲ್ಲಿ ಒಂದು ಕೋಟಿ ಮೂವತ್ತು ಲಕ್ಷ ಡಾಲರು ಕೂಡಿಸಿದ ತಂಪುಪೆಟ್ಟಿಗೆಯ ಕಂಪನಿಯೊಂದು ೨೦೧೯ರಲ್ಲಿ ಮುಳುಗಿದಾಗ ಸಾವಿರಾರು ಜನರಿಗೆ ಪೆಟ್ಟಿಗೆ ಮುಟ್ಟಿರಲೇ ಇಲ್ಲ. ಹಣ ಕೊಟ್ಟವರ ಸಂಖ್ಯೆ ಬೆಳೆದಂತೆ ಮುಟ್ಟಿಸಬೇಕಾದ ಬಾಗಿಲುಗಳೂ ಬೆಳೆಯುವವಷ್ಟೆ.

ಇಲ್ಲಿಯೇ ಹಳೆಯ ಸಹಕಾರ ಪದ್ಧತಿಗೂ ಈ ಹೊಸ ವರ್ಗಣಿಗೂ ಇರುವ ಭೇದವನ್ನು ಗಮನಿಸಬೇಕು. ೧೯೦೫ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದಾಗ ಪಾಲು ಕೊಟ್ಟವನು ಸದಸ್ಯನಾದನು. ಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವ ಹಕ್ಕು ಅವನಿಗೆ ಬಂದಿತು. ಅಂತರಜಾಲದ ವರ್ಗಣಿಯಲ್ಲಿ ಹಾಗಿಲ್ಲ. ನಮ್ಮ ದೇಶದಲ್ಲಿ ಈ ಮಾರ್ಗದಿಂದ ಸಾರ್ವಜನಿಕರಿಗೆ ಕಂಪನಿಯ ಪಾಲನ್ನು ಮಾರುವದಕ್ಕೆ ಅನುಮತಿಯಿಲ್ಲ. ಸೆಬಿಯು ೨೦೧೬ರಲ್ಲಿ ಈ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಿತು. ಆದುದರಿಂದ ಕೊಟ್ಟವನು ಪಾಲುದಾರನಲ್ಲ. ದಾನಿ, ಇಲ್ಲವೆ ಸಾಲ ಕೊಟ್ಟವನು, ಇಲ್ಲವೆ ಮುಂಗಡ ಕೊಟ್ಟ ಗಿರಾಕಿ. ಒಬ್ಬನು ಹುಬ್ಬಳ್ಳಿಯಲ್ಲಿ, ಇನ್ನೊಬ್ಬನು ಪುಣೆಯಲ್ಲಿ. ಅವರ ಸಭೆ ಎಂದೂ ಕೂಡುವದಿಲ್ಲ. ಲೆಕ್ಕ ಕೇಳುವವರಿಲ್ಲದಲ್ಲಿ ಹಣ ಪಡೆದವನೇ ತನ್ನನ್ನು ತಾನು ಕೇಳಿಕೊಳ್ಳಬೇಕಾಗುವದು.

ಆದಕಾರಣ ಆ ರಾತ್ರಿ ನಾವು ಹೇಳಿದ್ದು ಒಂದೇ ಮಾತು: "ಪಾಟ್ಲಿಯನ್ನು ಮಾರಬೇಡ, ೨೨೦ ಜನರಿಗೆ ಪತ್ರ ಬರೆ. ಗುಡ್ಡದ ಹೆಸರು ಹೇಳಿ ತಪ್ಪಿಸಿಕೊಳ್ಳಬೇಡ. ಯಂತ್ರದ ಮಾತನ್ನೂ ಬರೆ." ಅವನು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತನು. ತಪ್ಪನ್ನು ಒಪ್ಪಿಕೊಳ್ಳುವದಕ್ಕಿಂತ ಬಂಗಾರ ಮಾರುವದು ಅವನಿಗೆ ಸುಲಭವೆನಿಸಿತ್ತು. ಕೊನೆಗೆ ಬರೆದನು. ಲೆಕ್ಕವನ್ನು ಇದ್ದಂತೆ ತಿಳಿಸಿ, ಮೂರು ದಾರಿಗಳನ್ನು ತೋರಿಸಿದನು: ಹಣ ಮರಳಿ ಪಡೆಯಬಹುದು, ಕಾರವಾರ, ಅಂಕೋಲೆ, ಹುಬ್ಬಳ್ಳಿಗಳಲ್ಲಿ ಗೊತ್ತಿನವರ ಮನೆಯಿಂದ ಪೆಟ್ಟಿಗೆಯನ್ನು ಒಯ್ಯಬಹುದು, ಇಲ್ಲವೆ ಯುಗಾದಿಯ ವರೆಗೆ ಕಾಯಬಹುದು.

೩೧ ಜನರು ಹಣ ಕೇಳಿದರು. ೬೪ ಜನರು ತಾವೇ ಬಂದು ಪೆಟ್ಟಿಗೆ ಒಯ್ದರು. ಉಳಿದ ೧೨೫ ಜನರಲ್ಲಿ ಕೆಲವರು ಕಾಯುವೆವೆಂದು ಬರೆದರು, ಕೆಲವರು ಸುಮ್ಮನಾದರು. ಹಣ ಮರಳಿಸುವದಕ್ಕಾಗಿ ಪಾಟ್ಲಿಗಳನ್ನು ಮಾರದೆ ಒತ್ತೆ ಇಡಬೇಕಾಯಿತು. ಬೇಡವೆಂದ ೩೧ ಪೆಟ್ಟಿಗೆಗಳ ಸೀಸೆಗಳು ಕಾರವಾರದ ಅಂಗಡಿಗಳಲ್ಲಿ ಬಿಡಿಯಾಗಿ ಮಾರಿಹೋದವು. ಮೊದಲ ಸಲ ಗಿರಾಕಿಯು ವಸ್ತುವನ್ನು ನೋಡಿ ಹಣ ಕೊಟ್ಟನು. ಎರಡು ತಿಂಗಳ ಮಾವಿಗೆಂದು ಕೊಂಡ ಯಂತ್ರವು ಹತ್ತು ತಿಂಗಳು ಬಿಡುವಾಗಿ ನಿಲ್ಲದಂತೆ ಚಳಿಗಾಲದಲ್ಲಿ ನೆಲ್ಲಿಯ ರಸವನ್ನು ತೆಗೆಯಹತ್ತಿತು. ೨೦೨೫ರ ಯುಗಾದಿಗೆ ಕೊನೆಯ ಪೆಟ್ಟಿಗೆ ಹೊರಟಿತು. ಪಾಟ್ಲಿಗಳು ಬಿಡುಗಡೆಯಾದುದು ಅನಂತರ, ಮಳೆಗಾಲದ ಮೊದಲು. ಲಾಭವು ಇನ್ನೂ ಹೇಳಿಕೊಳ್ಳುವಷ್ಟಿಲ್ಲ. ಋಣವು ಮಾತ್ರ ಇಲ್ಲ.

ಗೃಹಸ್ಥರೇ, ಗೃಹಿಣಿಯರೇ, ನಿಮ್ಮ ಮನೆಯ ಮಗನೋ ಸೊಸೆಯೋ ಇಂಥ ಉದ್ಯಮಕ್ಕೆ ಕೈಹಾಕಿದರೆ ತಡೆಯಬೇಡಿರಿ. ಜನರು ಮುಂಗಡವಾಗಿ ಕೊಟ್ಟುದು ಗಳಿಕೆಯಲ್ಲ, ಇನ್ನೂ ಹುಟ್ಟದ ವಸ್ತುವಿನ ಬೆಲೆ ಎಂಬುದನ್ನು ಮಾತ್ರ ತಿಳಿಯಹೇಳಿರಿ. ಮದುವೆಯಲ್ಲಿ ಬಂದ ಮುಯ್ಯಿಯನ್ನು ನಮ್ಮ ಹೆಂಗಸರು ಹೆಸರು ಹಿಡಿದು ಬರೆದಿಡುವರು. ತೀರಿಸುವ ದಿನ ಬರುವದೆಂದು ಅವರು ಬಲ್ಲರು. ಆ ವಿವೇಕವೇ ಇಲ್ಲಿಯೂ ಸಾಕು. ಮೊದಲು ಕೊಟ್ಟವರ ಪಾಲನ್ನೂ ಸಾಗಣೆಯನ್ನೂ ಬೇರೆ ತೆಗೆದಿಡಲಿ. ಯಂತ್ರವನ್ನು ಉಳಿದುದರಿಂದ ಕೊಳ್ಳಲಿ. ತಡವಾಗುವದಾದರೆ ಜನರು ಕೇಳುವ ಮೊದಲೇ ತಿಳಿಸಲಿ.

ವರ್ಗಣಿ ಪೂರ್ತಿಯಾದ ದಿನ ನಿಮಗೂ ಪೇಢೆ ಬರಬಹುದು. ಸಂತೋಷದಿಂದ ತೆಗೆದುಕೊಳ್ಳಿರಿ, ಆದರೆ ಬಾಯಿಗೆ ಹಾಕುವ ಮೊದಲು, ಅಂದು ನಾವು ಕೇಳದೆ ಬಿಟ್ಟ ಮಾತನ್ನು ನೀವು ಕೇಳಿರಿ: "ವಹಿ ಎಲ್ಲಿದೆ, ತಮ್ಮಾ?"